ಹದಿನಾಲ್ಕು ಜನ, ಒಂದು ಫೋಲ್ಡರು

೭ ಜನವರಿ ೨೦೨೫, ಮಂಗಳವಾರ

ಈ ಪ್ರಕರಣಕ್ಕೆ ಇವತ್ತಿನವರೆಗೆ ತಗಲಿದ ವೆಚ್ಚ: ಹತ್ತಡಿಯ ಎರಡು ಫ್ಲೆಕ್ಸು, ಒಂದು ತಪ್ಪಿದ್ದು, ಇನ್ನೊಂದು ಆ ತಪ್ಪನ್ನು ತಿದ್ದಿದ್ದು. ಶಂಭುಲಿಂಗಪ್ಪನವರು ನನ್ನ ಮೇಲಿಟ್ಟಿದ್ದ ಹಳೆಯ ವಿಶ್ವಾಸ. ಅವರ ತಂಗಿ ಹಂಸಭಾವಿಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಸುರಿಸಿದ ಕಣ್ಣೀರು. ಟಿಕೇಟು ಪುಕ್ಕಟೆ, ಕಣ್ಣೀರು ಪುಕ್ಕಟೆಯಲ್ಲ. ಮೈಲಾರಲಿಂಗನ ಮರ್ಯಾದೆ, ಇದ್ದಷ್ಟು. ನನ್ನ ಗಂಟಲು.

ನಾಳೆ ಇದು ಹತ್ತು ಬಾಯಲ್ಲಿ ಹತ್ತು ಥರ ಆಗುತ್ತದೆ. ಅದಕ್ಕೂ ಮೊದಲು ಆದದ್ದು ಆದ ಹಾಗೆ ಇಲ್ಲಿರಲಿ.

ಹಿರೇಕೆರೂರು ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಯಲ್ಲಿ ಕೆಳಗೆ ಫ್ಲೆಕ್ಸ್ ಮಷಿನ್ನು, ಅದನ್ನು ನಡೆಸುವ ಮೈಲಾರಲಿಂಗ. ಮಾಳಿಗೆಯ ಮೇಲೆ ದಸರೆಯಿಂದ ಡಿಸೈನ್ ಕ್ಲಾಸು. ಹಾನಗಲ್, ಶಿಗ್ಗಾಂವ, ಸವಣೂರುಗಳಲ್ಲಿ ಇಂಥದೇ ಕ್ಲಾಸು ನಡೆಸುವ ಸಂಸ್ಥೆಯೊಂದು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಹಿಡಿದು ಹದಿನಾಲ್ಕು ಹುಡುಗ ಹುಡುಗಿಯರಿಗೆ ಕಲಿಸುವ 'ಅಕ್ಕಾರ'ನ್ನಾಗಿ ಮಾಡಿದೆ. ಎಲ್ಲರ ಕೆಲಸವೂ ಕ್ಲೌಡಿನಲ್ಲಿರುವ ಒಂದೇ ಫೋಲ್ಡರಿನಲ್ಲಿ. ಅದನ್ನು ತೆರೆದವಳು ನಾನು. ಒಳಗೆ ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ತಿದ್ದಬಹುದು. ಅಂಗಡಿಯ ಆರ್ಡರುಗಳೂ ಅಲ್ಲೇ. ಬೇರೆ ಯಾಕೆ ಎಂದುಕೊಂಡಿದ್ದೆ.

ನಮ್ಮ ಧಂದೆಯ ರೀತಿ ಎಂದರೆ, ಹೊಸ ಆರ್ಡರು ಬಂದಾಗ ಹಳೆಯ ಫೈಲನ್ನೇ ತೆರೆಯುವುದು. ಮುಖ ಬದಲಿಸು, ಹೆಸರು ಬದಲಿಸು, ಉಳಿದದ್ದು ಹಾಗೇ ಇರಲಿ. ಕ್ಲಾಸಿನಲ್ಲಿ ಕಲಿಸಿದ್ದೂ ಅದನ್ನೇ. ತಿಳವಳ್ಳಿಯ ಚನ್ನೇಶನಿಗೆ ನಿನ್ನೆ ಶ್ರದ್ಧಾಂಜಲಿಯ ಅಭ್ಯಾಸ ಕೊಟ್ಟಿದ್ದೆ. ಅವನು ಕಲಿಸಿದ ಹಾಗೆಯೇ ಕೈಗೆ ಸಿಕ್ಕ ಫೈಲು ತೆರೆದ. ಅದು ನಮ್ಮ ಹಳೆಯ ಗಿರಾಕಿ ಶಂಭುಲಿಂಗಪ್ಪನವರ ಹುಟ್ಟುಹಬ್ಬದ್ದು, ಮುದ್ರಣಕ್ಕೆ ಕಾದಿದ್ದ ಆರ್ಡರು. ಹಾರ ಹಾಕಿದ, ದೀಪ ಹಚ್ಚಿದ, 'ಭಾವಪೂರ್ಣ ಶ್ರದ್ಧಾಂಜಲಿ' ಬರೆದ. ಮುಖ ಬದಲಿಸುವ ಮೊದಲು ಚಹಾಕ್ಕೆ ಎದ್ದ. ಕೆಳಗೆ ಮೈಲಾರಲಿಂಗ ಅದೇ ಫೈಲನ್ನು ಮುದ್ರಿಸಿ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿ ಬಂದ.

ಬೆಳಿಗ್ಗೆ ಶಂಭುಲಿಂಗಪ್ಪನವರು ತಾವೇ ನಡೆದು ಬಂದರು. "ಏನವಾ ನಾಗವ್ವಾ, ನನ್ನ ಕಳಿಸೇ ಬಿಟ್ಟೆಲ್ಲ! ಅದರಾಗ ಕೆಳಗ ಹನ್ನೆರಡು ಮಂದಿ ಹಲ್ಲು ಕಿಸಕೊಂಡು ಕೈ ಮುಗದು ನಿಂತಾರ. ನಾ ಹೋಗಿದ್ದು ಅಷ್ಟು ಖುಷಿ ಆತೇನು ಅವರಿಗೆ?"

ಮೈಲಾರಲಿಂಗನನ್ನು ಕೇಳಿದೆ: "ಓದಲಿಲ್ಲೇನೋ?"

"ನಾ ಬಣ್ಣ ನೋಡ್ತೇನ್ರಿ. ಅಕ್ಷರ ನಿಮ್ಮ ಖಾತೆ."

ಚನ್ನೇಶ ಅವನಿಗಿಂತ ಒಂದು ಕೈ ಮೇಲೆ. "ನೀವ ಹೇಳಿದ್ರೆಲ್ರಿ ಅಕ್ಕಾರ, ಹಳೇದು ತಗದು ತಿದ್ದು ಅಂತ."

ಹೇಳಿದ್ದು ನಾನೇ. ಆದ್ದರಿಂದ ಬೈದೆ.

೮ ಜನವರಿ

ಸಂಸ್ಥೆಯ ಸುಯಮೀಂದ್ರ ಶಿಗ್ಗಾಂವದಿಂದ ಫೋನು ಮಾಡಿದರು. ಆ ಫ್ಲೆಕ್ಸಿನ ಪಟ ಅವರಿಗೂ ಮುಟ್ಟಿದೆ. ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

"ನಾಗವ್ವಾರ, ಫೆಬ್ರವರಿ ಇಪ್ಪತ್ತಕ್ಕ ನಾನು ಬರ್ತೇನಿ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸ ತಮ್ಮ ಹೆಸರಿನ್ಯಾಗ ತೋರಿಸಬೇಕು. ಆಗಲಿಲ್ಲ ಅಂದ್ರ ಹಿರೇಕೆರೂರಿನ ಕ್ಲಾಸು ಹಾನಗಲ್ಲಿಗೆ ಸೇರಿಸಬೇಕಾಗ್ತದ. ನನ್ನ ಕೈಯಾಗಿಲ್ಲ ಇದು."

ಕ್ಲಾಸಿನಲ್ಲಿ ಹೇಳಿದೆ. ಹುಡುಗರು ಹಾನಗಲ್ಲೇನು ದೂರ ಎಂದರು. ಹುಡುಗಿಯರು ಬಸ್ಸಿನ ಹೊತ್ತು ಲೆಕ್ಕ ಹಾಕಿದರು. ಹಂಸಭಾವಿಯ ಶ್ವೇತಾ ಒಬ್ಬಳೇ ಮಾತಾಡಿದಳು: "ನಮ್ಮ ಮನ್ಯಾಗ ಹಿರೇಕೆರೂರು ತನಕಾನ ಹಗ್ಗ ಬಿಟ್ಟಾರ್ರಿ. ಎರಡನೇ ಬಸ್ಸು ಹತ್ತಬೇಕಂದ್ರ ಹಗ್ಗ ಜಗ್ಗತಾರ."

ಕ್ಲಾಸು ಎಲ್ಲಿಗೂ ಹೋಗುವುದಿಲ್ಲ. ಬರೆದಿಟ್ಟಿದ್ದೇನೆ.

೧೧ ಜನವರಿ

ಫೋಲ್ಡರಿಗೆ ಕೀಲಿ ಹಾಕಿದ್ದೇನೆ. ಎಲ್ಲರಿಗೂ 'ನೋಡಲು ಮಾತ್ರ'. ತಿದ್ದಬೇಕಾದವರು ನನ್ನನ್ನು ಕೇಳಬೇಕು; ಕೇಳಿದರೆ ಫೋನು ಟಿಂಗ್ ಎನ್ನುತ್ತದೆ. 'ಚನ್ನೇಶ ಅನುಮತಿ ಕೇಳುತ್ತಿದ್ದಾರೆ.' ರೊಟ್ಟಿ ಬಡಿಯುವಾಗ ಟಿಂಗ್. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಟಿಂಗ್. ಈ ಊರಿನಲ್ಲಿ ನನ್ನ ಅನುಮತಿಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಇವತ್ತು ಲೆಕ್ಕ ತಪ್ಪುವಷ್ಟು ಮಂದಿ ಕೇಳಿದರು.

ಪಾಳಿ ಹಚ್ಚಿದ್ದೇನೆ, ನಳದ ನೀರಿನ ಹಾಗೆ. ಒಬ್ಬರಿಗೆ ಬಿಟ್ಟಾಗ ಉಳಿದವರಿಗೆ ಬಂದ್. ಶಿಸ್ತು ಎಂದರೆ ಇದು.

೧೬ ಜನವರಿ

ಸಂಕ್ರಮಣದ ಕುಸುರೆಳ್ಳು ಹಂಚಿದೆವು. ಕ್ಲಾಸು ಶಾಂತವಾಗಿದೆ. ತೀರಾ ಶಾಂತ. ಒಬ್ಬರು ತಿದ್ದುತ್ತಾರೆ, ಹದಿಮೂರು ಜನ ತಮ್ಮ ಫೈಲನ್ನು ಗಾಜಿನ ಕಪಾಟಿನ ಪೇಡೆಯ ಹಾಗೆ ನೋಡುತ್ತ ಕೂರುತ್ತಾರೆ.

ಚನ್ನೇಶ ಎಳ್ಳು ಬಾಯಿಗೆ ಹಾಕಿಕೊಳ್ಳುವ ಮೊದಲು ಕೈಯೆತ್ತಿದ. "ಅಕ್ಕಾರ, ತಿನ್ನಾಕ ಅನುಮತಿ ಐತೋ, ನೋಡಾಕ ಅಷ್ಟನೋ?"

ಎಲ್ಲರೂ ನಕ್ಕರು. ಶ್ವೇತಾ ನಗಲಿಲ್ಲ. ಅವಳ ಪಾಳಿ ಇವತ್ತೂ ತಪ್ಪಿತು. ನಾನು ಸಂತೆಯಲ್ಲಿದ್ದೆ, ಟಿಂಗ್ ಕೇಳಿಸಲಿಲ್ಲ.

೨೪ ಜನವರಿ

ಹಂಸಭಾವಿಯಿಂದ ಒಬ್ಬರು ತೊಟ್ಟಿಲ ಕಾರ್ಯದ ಕಾರ್ಡು ತಂದಿದ್ದರು, ಇಂಥದೇ ಮಾಡಿಕೊಡಿ ಎಂದು. ಅದರ ಸುತ್ತ ನನ್ನ ಕಮಲದಂಚು!

ಈ ಅಂಚಿನ ಬಗ್ಗೆ ಬರೆದಿಡಬೇಕು. ಕಾರ್ತಿಕದಲ್ಲಿ ಕ್ಲಾಸನ್ನು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಛತ್ತಿನ ಕಲ್ಲಿನ ಕಮಲದ ಕೆಳಗೆ ಶ್ವೇತಾ ಅಂಗಾತ ಮಲಗಿ ಫೋಟೋ ತೆಗೆದಳು. ವಾಪಸು ಬಂದು ಆ ಎಸಳುಗಳನ್ನು ಅಂಚು ಮಾಡಿ ಬರೆದಳು. ಅಂಥದು ಜಿಲ್ಲೆಯ ಯಾವ ಅಂಗಡಿಯಲ್ಲೂ ಇಲ್ಲ. ಮೂರು ಮದುವೆಯ ಕಾರ್ಡಿಗೆ ಹಾಕಿದ್ದೇನೆ. ಅಂಗಡಿಯ ಬೋರ್ಡಿಗೂ ಹಾಕಿದ್ದೇನೆ. ಸವಣೂರಿನ ಒಂದು ದೊಡ್ಡ ಮದುವೆಗೆ ಮಾತೂ ಕೊಟ್ಟಿದ್ದೇನೆ.

ಕ್ಲಾಸಿನ ನಡುವೆಯೇ ಶ್ವೇತಾಳನ್ನು ಕೇಳಿದೆ. "ನನ್ನ ಫೈಲಿನೊಳಗಿನ ಅಂಚು ಹೊರಗ ಹೆಂಗ ಬಂತವಾ?"

"ಒಳಗಿಂದ ತಗದಿಲ್ರಿ. ಮತ್ತೊಮ್ಮೆ ಬರದೇನಿ, ಫೋನಿನ್ಯಾಗ. ನನ್ನ ಕಮಲ ತಿದ್ದಾಕ ನನಗ ಪಾಳಿನ ಬರಲಿಲ್ಲ, ಅದಕ್ಕ."

"ಫೈಲು ಯಾರ ಹೆಸರಿನ್ಯಾಗ ಐತಿ?"

"ನಿಮ್ಮ ಹೆಸರಿನ್ಯಾಗ."

"ಮತ್ತ? ಕೇಳಲಾರದ ತಗೊಂಡ್ರ ಅದಕ್ಕ ಏನಂತಾರ?"

ಅವಳು ಚೀಲ ತೆಗೆದುಕೊಂಡಳು. "ಏನಂತಾರೋ ನೀವ ಹೇಳ್ರಿ ಅಕ್ಕಾರ. ನೀವೂ ನನ್ನ ಕೇಳಿಲ್ಲ."

ಬಾಯಿ ಬಹಳವಾಗಿದೆ. ನನ್ನ ಕ್ಲಾಸಿನಲ್ಲೇ ಕಲಿತದ್ದು.

೨೫ ಜನವರಿ

ಶ್ವೇತಾ ಬರಲಿಲ್ಲ.

೨೯ ಜನವರಿ

ಬರಲಿಲ್ಲ. ಹಂಸಭಾವಿಯ ಬಸ್ಸು ಬಂದಿತ್ತು. ನೋಡಬೇಕೆಂದು ನೋಡಿದ್ದಲ್ಲ, ಅಂಗಡಿಯ ಎದುರೇ ನಿಲ್ಲುತ್ತದೆ.

೩ ಫೆಬ್ರವರಿ

ಸುಯಮೀಂದ್ರ ಹೇಳದೆ ಬಂದರು. ಮೃದು ಮನುಷ್ಯ, ಚಪ್ಪಲಿ ಬಿಡುವಾಗ ಕೂಡ ಸಾಲಾಗಿ ಬಿಡುತ್ತಾರೆ. ಫೋಲ್ಡರು ತೆರೆದು ಸಾಲು ಸಾಲಾಗಿ ಓದಿದರು. ಮಾಲೀಕರು: ನಾಗವ್ವ. ಮಾಲೀಕರು: ನಾಗವ್ವ. ಕೊನೆಯತನಕ ಅದೇ.

"ಹುಡುಗರು ಏನು ಮಾಡ್ಯಾರ್ರಿ ಇದರಾಗ?"

"ಎಲ್ಲಾ ಅವರ ಮಾಡ್ಯಾರ."

"ಹೆಸರು ನಿಮ್ಮದೇ ಅದ ಅಲ್ಲ?"

"ಜತನ ಮಾಡೇನ್ರಿ. ಬಿಟ್ರ ಜೀವಂತ ಮನಷ್ಯಾಗ ಹಾರ ಹಾಕ್ತಾರ."

ಈಗ ನಕ್ಕರು. ಪೆನ್ನು ತೆಗೆದು ಗೆರೆ ಎಳೆದು ತಿಳಿಸಿದರು. ಮಾದರಿಯ ಮೂಲ ಪ್ರತಿಗಳು ಒಂದು ಕಡೆ, ಅವು ನೋಡಲು ಮಾತ್ರ. ಪ್ರತಿಯೊಬ್ಬರೂ ನಕಲು ಮಾಡಿಕೊಂಡು ತಮ್ಮದೇ ಫೋಲ್ಡರಿನಲ್ಲಿ ಕೆಲಸ ಮಾಡಬೇಕು. ಅಲ್ಲಿ ಅವರೇ ಮಾಲೀಕರು. ಪಕ್ಕದವರ ಫೈಲನ್ನು ನೋಡಬಹುದು, ಟಿಪ್ಪಣಿ ಬರೆಯಬಹುದು, ತಿದ್ದುವ ಹಾಗಿಲ್ಲ. ಅಂಗಡಿಯ ಆರ್ಡರು ಪೂರ್ತಿ ಬೇರೆ. ಈಗಾಗಲೇ ಮಾಡಿದ ಕೆಲಸಗಳ ಮಾಲೀಕತ್ವವನ್ನು ಮಾಡಿದವರ ಹೆಸರಿಗೆ ವರ್ಗಾಯಿಸಬೇಕು. ಅವರು ತಮ್ಮ ಫೋನಿನಲ್ಲಿ ಒಪ್ಪಿಕೊಂಡರೆ ಆಯಿತು.

ನಾನೂ ಇದನ್ನೇ ಯೋಚಿಸಿದ್ದೆ ಎಂದೆ. ಅವರು ಹೌದಲ್ರಿ ಎಂದರು. ಅಷ್ಟು ಒಳ್ಳೆಯವರು.

ಹೋಗುವಾಗ ಕೇಳಿದರು: "ಹಾಜರಿಯೊಳಗ ಹದಿಮೂರ ಇದ್ದಾವ?"

"ನೆಗಡಿ ಆಗೇದ್ರಿ ಒಬ್ಬಾಕಿಗೆ."

೯ ಫೆಬ್ರವರಿ, ರವಿವಾರ

ಹಂಸಭಾವಿಗೆ ಹೋಗಿದ್ದೆ. ಅಲ್ಲಿಯ ಒಂದು ಫ್ಲೆಕ್ಸ್ ಫ್ರೇಮು ವಾಪಸು ತರುವುದಿತ್ತು. ಹೋದ ಮೇಲೆ ಶ್ವೇತಾಳ ಮನೆ ದಾರಿಯಲ್ಲೇ ಎಂದು ಗೊತ್ತಾಯಿತು, ಸ್ವಲ್ಪ ಸುತ್ತು ಬಿದ್ದರೆ.

ಅವರವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತಿದ್ದಳು. "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ: "ನಮ್ಮ ಹುಡುಗಿ ಕದ್ದಾಳಂತಲ್ರಿ?"

"ಯಾರಂದ್ರು?"

"ನೀವ."

ನೀರು ಪೂರ್ತಿ ಕುಡಿದೆ. ಲೋಟ ಖಾಲಿಯಾದ ಮೇಲೂ ಸ್ವಲ್ಪ ಕುಡಿದೆ.

ಶ್ವೇತಾ ಹೊರಗೆ ಬಂದು ತೆನೆಯ ರಾಶಿಯ ಆಚೆ ಕುಳಿತಳು. ಕ್ಲಾಸಿನ ಹೊಸ ಪದ್ಧತಿ ಹೇಳಿದೆ. ನಿನ್ನ ಫೈಲುಗಳನ್ನು ಈಗಲೇ ನಿನ್ನ ಹೆಸರಿಗೆ ಮಾಡುತ್ತೇನೆ, ನಾಳೆಯಿಂದ ಬಾ ಎಂದೆ.

"ನನ್ನವು ಅಷ್ಟನ ಬ್ಯಾಡ್ರಿ. ಎಲ್ಲಾರವೂ ಮಾಡ್ರಿ. ಅವರು ಒಪ್ಪಿಗಿ ಒತ್ತಿದ ಮ್ಯಾಲೆ ನಾ ಒತ್ತತೇನಿ."

"ಹೂಂ, ಮಾಡ್ತೇನಿ. ಈಗ ನನಗೊಂದು ಹೇಳು. ಮುಂದ ಇಲ್ಲೇ ಅಂಗಡಿ ಇಡ್ತೀ ಅಂತ ಕೇಳೇನಿ. ಖರೇನ?"

"ಖರೇರಿ."

"ನನ್ನ ಹಂಸಭಾವಿ ಗಿರಾಕಿ ಎಲ್ಲಾ ಹೋಗ್ತಾರ."

"ಡಿಸೈನಿಗೆ ಹೋಗ್ತಾರ್ರಿ. ಮಷಿನ್ನು ನನ್ನ ಹತ್ರ ಎಲ್ಲೈತಿ? ಮುದ್ರಣಕ್ಕ ನಿಮ್ಮ ಹತ್ರಾನ ಬರಬೇಕಲ್ಲ. ಈಗ ಕಾರ್ಡಿಗೆ ರಾಣೇಬೆನ್ನೂರಿಗೆ ಹೋಗೋರೂ ನಿಮಗ ಸಿಗ್ತಾರ."

ಅವರವ್ವ ತೆನೆ ಸುಲಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದಳು. ನಾನೂ ನೋಡಿದೆ. ಈ ಪಾಠ ನಾನು ಮಾಡಿದ್ದಲ್ಲ.

ಫ್ರೇಮು ತರುವುದು ಮರೆತುಹೋಯಿತು.

೧೨ ಫೆಬ್ರವರಿ

ವರ್ಗಾವಣೆ ಶುರು. ಮೊದಲ ಹುಡುಗಿಗೇ ಬ್ರೇಕು.

ಐಶ್ವರ್ಯಳ ಫೈಲು ವರ್ಗಾಯಿಸಲು ಹೋದರೆ, ಹೊಸ ಮಾಲೀಕರು: ಮಾಲತೇಶ. ಯಾರಿವನು ಎಂದರೆ ಅಣ್ಣ. ಕ್ಲಾಸಿಗೆ ಸೇರುವಾಗ ಐಡಿ ಮಾಡಿದ್ದು ಅವನ ಫೋನಿನಲ್ಲಿ, ಅವನ ನಂಬರಿನಲ್ಲಿ. ಉಳಿದ ಹುಡುಗಿಯರದು ನೋಡಿದೆ. ಅಣ್ಣ, ಅಪ್ಪ, ಕಾಕಾ, ಒಬ್ಬಳದು ಇನ್ನೂ ಮದುವೆಯಾಗದ ಗಂಡ. ಒಂಬತ್ತು ಹುಡುಗಿಯರಲ್ಲಿ ಸ್ವಂತ ಐಡಿ ಇದ್ದದ್ದು ಶ್ವೇತಾ ಒಬ್ಬಳಿಗೇ. ಒಂದು ತಿಂಗಳಿಂದ ನನ್ನ ಕೀಲಿ ಗಟ್ಟಿಯಾಗಿದೆ ಎಂದುಕೊಂಡಿದ್ದೆ. ಬಾಗಿಲ ಒಳಗೆ ಯಾರಿದ್ದಾರೆ ಎಂದೇ ನೋಡಿರಲಿಲ್ಲ.

ಎಲ್ಲರಿಗೂ ಅವರದೇ ಹೆಸರಿನ ಹೊಸ ಐಡಿ. ಕೆಲವರಿಗೆ ಸ್ವಂತ ಸಿಮ್ಮಿಲ್ಲ. ಮನೆಯ ನಂಬರಿಗೆ ಬಂದ ಕೋಡು ಬೇಕು. ಮನೆಯವರಿಗೆ ಒಬ್ಬೊಬ್ಬರಿಗೂ ಫೋನು ಹಚ್ಚಿದೆ.

ಮಾಲತೇಶ ಗಂಟಲು ಏರಿಸಿದ. "ನಮ್ಮ ತಂಗಿಗೆ ಬ್ಯಾರೆ ಐಡಿ ಯಾಕ ಬೇಕ್ರಿ? ನಂದು ಐತೆಲ್ಲ."

"ಇರ್ಲಪಾ. ಹಂಗಾರ ಇಪ್ಪತ್ತನೇ ತಾರೀಕು ಸಾಹೇಬ್ರು ಮಾಲತೇಶ ಯಾರು ಅಂತ ಕರೀತಾರ. ಬಂದು ಎಲ್ಲಾರ ಮುಂದ ಒಂದು ಲಗ್ನಪತ್ರಿಕಿ ಮಾಡಿ ತೋರಿಸು. ಬಣ್ಣ ನಾಲ್ಕು, ಅಂಚು ಎರಡೂ ಕಡೆ."

ಮಾಲತೇಶನ ದನಿ ಇಳಿಯಿತು. ಆಮೇಲೆ ಕೋಡು ಹೇಳಿದ.

ಒಬ್ಬ ಅಪ್ಪ ಮಾತ್ರ ಒಪ್ಪಲಿಲ್ಲ. ನಾಳೆ ಅವನ ಮನೆಗೇ ಹೋಗುತ್ತೇನೆ. ಚಹಾ ಕೊಡದೆ ಕಳಿಸುವ ಮನೆ ಈ ತಾಲೂಕಿನಲ್ಲಿ ಇಲ್ಲ. ಚಹಾ ಆರುವುದರೊಳಗೆ ಕೋಡು ತರುತ್ತೇನೆ.

೧೩ ಫೆಬ್ರವರಿ

ಕೋಡು ತಂದೆ.

೧೫ ಫೆಬ್ರವರಿ

ಹದಿಮೂರು ಜನರದ್ದೂ ಮುಗಿಯಿತು. ಶ್ವೇತಾ ಬಂದಳು, ಬಂದವಳೇ ಎಲ್ಲರ ಫೋನು ನೋಡಿ ಖಾತ್ರಿ ಮಾಡಿಕೊಂಡಳು. ಇವಳ ಜಾಗದಲ್ಲಿ ನಾನಿದ್ದರೂ ನೋಡುತ್ತಿದ್ದೆ. ಅವಳ ಹನ್ನೊಂದು ಫೈಲು ಕಳಿಸಿದೆ. ಒಂದೊಂದಕ್ಕೂ ಒಪ್ಪಿಗೆ ಒತ್ತಿದಳು. ಕೊನೆಯದು ಒತ್ತಿ ಇನ್ನೊಂದಕ್ಕೆ ಕಾದಳು.

ಕಮಲದಂಚಿನದು ಕಳಿಸಲಿಲ್ಲ. ಅದು ಅಂಗಡಿಯ ಬೋರ್ಡಿನ ಮೇಲಿದೆ, ಸವಣೂರಿಗೆ ಮಾತು ಹೋಗಿದೆ. ಅವಳಿಗೆ ಹನ್ನೊಂದು ಬೇಕಾದಷ್ಟಾಯಿತು.

ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಲು ಮೂರು ಕಾರಣ ತಯಾರು ಮಾಡಿಟ್ಟಿದ್ದೆ.

೨೦ ಫೆಬ್ರವರಿ, ಗುರುವಾರ

ಸುಯಮೀಂದ್ರ ಹತ್ತು ಗಂಟೆಗೆ ಬಂದು ಗೋಡೆಗೆ ಬಿಳಿ ಧೋತರ ಕಟ್ಟಿಸಿ ಅದರ ಮೇಲೆ ಪ್ರೊಜೆಕ್ಟರಿನಿಂದ ಕಂಪ್ಯೂಟರಿನ ಪರದೆ ಮೂಡಿಸಿದರು. ಒಬ್ಬೊಬ್ಬರೂ ತಮ್ಮ ಐಡಿಯಿಂದ ಒಳಗೆ ಹೋಗಿ ತಮ್ಮ ಫೋಲ್ಡರು ತೆರೆದರು. ಐಶ್ವರ್ಯಳ ಹೆಸರು ಧೋತರದ ಮೇಲೆ ದೊಡ್ಡದಾಗಿ ಬಂದಾಗ ಅವಳು ಫೋಟೋ ತೆಗೆದುಕೊಂಡಳು, ಡಿಸೈನಿನದಲ್ಲ, ಹೆಸರಿನದು.

ಆಮೇಲೆ ಪರೀಕ್ಷೆ. "ಚನ್ನೇಶ, ಐಶ್ವರ್ಯಳ ಕಾರ್ಡು ಅಳಿಸು ನೋಡೂಣು."

ಚನ್ನೇಶ ಮನಸಾರೆ ಪ್ರಯತ್ನಿಸಿದ. 'ನಿಮಗೆ ಅನುಮತಿ ಇಲ್ಲ' ಎಂದು ಬಂತು. "ಇಲ್ಲ ಅನಿಸ್ಕೊಂಡು ಇಷ್ಟು ಖುಷಿ ಆದದ್ದು ಇದ ಮೊದಲನೇ ಸರ್ತಿ ನೋಡ್ರಿ" ಎಂದ. ಸುಯಮೀಂದ್ರ ಕೂಡ ಬಾಯಿ ತುಂಬ ನಕ್ಕರು. ನನ್ನ ಎದೆ ಹಗುರಾಯಿತು. ಕೊನೆಗೆ ಉಳಿದವಳು ಶ್ವೇತಾ.

ಅವಳು ಹನ್ನೊಂದನ್ನೂ ತೋರಿಸಿದಳು. ಅವರು ತಲೆದೂಗಿದರು. "ಛೊಲೊ ಅದ. ಇದರಾಗ ನಿನಗ ಭಾಳ ಸೇರಿದ್ದು ಯಾವುದವಾ?"

ಅವಳು ಬೆರಳು ತೋರಿಸಲಿಲ್ಲ. "ಇದರಾಗ ಇಲ್ರಿ."

"ಮತ್ತ ಎಲ್ಲದ?"

ಅವಳು ಹೇಳಿದರೆ ನನ್ನ ಕ್ಲಾಸು ಹೋಯಿತು. ಒಬ್ಬ ಹುಡುಗಿಯ ಕೆಲಸ ಅಕ್ಕಾರ ಹೆಸರಿನಲ್ಲಿದೆ ಎಂದು ವರದಿಯಾಗುತ್ತದೆ. ಹೇಳದಿದ್ದರೆ ಅವಳ ಕಮಲ ಹೋಯಿತು. ಅವಳು ನನ್ನ ಕಡೆ ನೋಡಲಿಲ್ಲ. ಕಿಟಕಿಯಿಂದ ಹೊರಗೆ ಬಸ್ಸುಗಳ ಕಡೆ ನೋಡುತ್ತಿದ್ದಳು. ಹಗ್ಗದ ಮಾತು ಆಡಿದವಳು ಅವಳೇ. ಕ್ಲಾಸು ಹೋದರೆ ಮೊದಲು ನಿಲ್ಲುವವಳೂ ಅವಳೇ.

"ಕಳದು ಹೋಗೇತ್ರಿ" ಎಂದಳು.

ನಾನು ಎದ್ದು ನಿಂತೆ. ಮೂರು ಕಾರಣ ತಯಾರಿದ್ದವು, ಒಂದೂ ನೆನಪಾಗಲಿಲ್ಲ. "ಕಳದಿಲ್ರಿ. ನನ್ನ ಹತ್ರ ಐತಿ. ನಾನ ಇಟ್ಕೊಂಡಿದ್ದೆ" ಎಂದು ಫೋನು ತೆಗೆದು, ಎಲ್ಲರ ಎದುರಿಗೆ, ಹೆಬ್ಬೆಟ್ಟಿನಿಂದ ಒತ್ತಿದೆ. ಅವಳ ಫೋನು ಟಿಂಗ್ ಎಂದಿತು. ಒಪ್ಪಿಗೆ ಒತ್ತಿದಳು. ಧೋತರದ ತುಂಬ ಹಾನಗಲ್ಲಿನ ಕಮಲ ಅರಳಿತು. ಮಾಲೀಕರು: ಶ್ವೇತಾ.

ಸುಯಮೀಂದ್ರ ಒಮ್ಮೆ ಕಮಲ ನೋಡಿದರು, ಒಮ್ಮೆ ಕಿಟಕಿಯಿಂದ ಬಗ್ಗಿ ಕೆಳಗಿನ ನನ್ನ ಬೋರ್ಡು ನೋಡಿದರು. ಎರಡೂ ಒಂದೇ ಎಂದು ತಿಳಿಯಲು ಹೆಚ್ಚು ಓದಿರಬೇಕಾಗಿಲ್ಲ.

"ನಾಗವ್ವಾರ, ಇದನ್ನೂ ಬರೀಬೇಕಾಗ್ತದ ನಾನು."

"ಬರೀರಿ. ಹಾನಗಲ್ಲಿಗೆ ಕಳಿಸೂದಾದ್ರ ನನ್ನ ಕಳಿಸ್ರಿ. ಕ್ಲಾಸು ಇಲ್ಲೇ ಇರಲಿ."

ಅವರು ಬಹಳ ಹೊತ್ತು ಬರೆದರು. ಏನೆಂದು ತೋರಿಸಲಿಲ್ಲ. ಚಪ್ಪಲಿ ಮೆಟ್ಟುವಾಗ ಇಷ್ಟೇ ಹೇಳಿದರು: "ಹದಿನಾಲ್ಕೂ ಸ್ವಂತ ಐಡಿ ಉಳಿದ ಮೂರು ಊರಾಗೂ ಇಲ್ರಿ. ಹೆಂಗ ಮಾಡಿದ್ರಿ?"

"ಚಹಾ ಕುಡದೆ" ಎಂದೆ.

೨೭ ಫೆಬ್ರವರಿ

ಪತ್ರ ಬಂತು. ಕ್ಲಾಸು ಇಲ್ಲೇ. ನಾನೂ ಇಲ್ಲೇ, ಆದರೆ ಒಂದು ಷರತ್ತು: ವಿದ್ಯಾರ್ಥಿಗಳ ಕೆಲಸವನ್ನು ಅಂಗಡಿಗೆ ಬಳಸಬೇಕಾದರೆ ಅವರ ಒಪ್ಪಿಗೆ ಬೇಕು.

ಸವಣೂರಿನ ಮದುವೆಯವರು ಅವಸರ ಮಾಡುತ್ತಿದ್ದಾರೆ. ಕಮಲದಂಚಿನ ಫೈಲು ತೆರೆದು 'ಅನುಮತಿ ಕೇಳಿ' ಎಂಬಲ್ಲಿ ಒತ್ತಿದೆ. ಮಧ್ಯಾಹ್ನವಿಡೀ ಉತ್ತರವಿಲ್ಲ. ಗೋವಿನಜೋಳದ ಕೆಲಸ ಇರಬೇಕು. ಸಂಜೆಗೆ ಶ್ವೇತಾಳ ಫೋನು ಬಂತು.

"ಅಕ್ಕಾರ, ಸವಣೂರಿನ ಕಾರ್ಡು ನಾನ ಮಾಡಿ ಕಳಿಸ್ತೇನಿ. ಮೂಲೆಯಾಗ ನನ್ನ ಹೆಸರು ಸಣ್ಣಗ ಇರ್ತೈತಿ. ನಡೀತೈತೇನ್ರಿ?"

"ಎಷ್ಟು ಸಣ್ಣಗ?"

"ಓದಾಕ ಬರೂವಷ್ಟು."

ನಡೆಯುತ್ತದೆ ಎಂದೆ. ಮದುವೆಯವರು ಕೇಳಿದರೆ, ನಮ್ಮ ಹುಡುಗಿ, ಹಂಸಭಾವಿಯಾಕಿ ಎಂದು ಹೇಳಬೇಕು.

ಯಾರಿಗೆ ಏನು ದಕ್ಕಿತು, ಬರೆದು ಮುಗಿಸುತ್ತೇನೆ.

ಸುಯಮೀಂದ್ರರಿಗೆ: ನಾಲ್ಕೂ ಊರಿಗೆ ಕಳಿಸಲು ಒಂದು ಪದ್ಧತಿ.

ಚನ್ನೇಶನಿಗೆ: ಪಕ್ಕದವರ ಫೈಲಿನಲ್ಲಿ ಟಿಪ್ಪಣಿ ಬರೆಯುವ ಹಕ್ಕು. ಬಿಡುವಿಲ್ಲದೆ ಚಲಾಯಿಸುತ್ತಿದ್ದಾನೆ.

ಐಶ್ವರ್ಯಳಿಗೆ, ಇನ್ನೂ ಏಳು ಹುಡುಗಿಯರಿಗೆ: ತಮ್ಮ ಹೆಸರು, ತಮ್ಮ ಪಾಸ್‌ವರ್ಡು.

ಶ್ವೇತಾಳಿಗೆ: ಹನ್ನೆರಡು ಫೈಲು, ಸವಣೂರಿನ ಒಂದು ಆರ್ಡರು.

ನನಗೆ: ಮುಂದಿನ ವರ್ಷದ ಕ್ಲಾಸು. ಕಮಲದಂಚು, ನೋಡಲು ಮಾತ್ರ.